ಬೆಳ್ಳಿ ಗುಂಪಿನಲ್ಲಿ ಎರಡು ಹೊನ್ನಿನ ಮರಿ

19 ಮರಿಗಳಲ್ಲಿ 2 ಮಾತ್ರ ಬೇರೆ ಥರ ಇದ್ದವು. ಮೊದಲ ದಿನ ಅದು ನನ್ನ ಕಣ್ಣಿಗೆ ಸರಿಯಾಗಿ ಬೀಳಲಿಲ್ಲ. ನಾನು ಸಾಕುವುದು ಸಿಲ್ವರ್ ಲೇಸ್ಡ್ ವಯಾಂಡಾಟ್, ಅಂದರೆ ಬಿಳಿ ಗರಿಗೆ ಕಪ್ಪು ಅಂಚಿರುವ ಬೆಳ್ಳಿ ಬಗೆಯ ಕೋಳಿ. ಅದರ ಮರಿಗಳ ತುಪ್ಪಳದಲ್ಲಿ ಕಪ್ಪು ಜಾಸ್ತಿ. ಮೈ ಆರಿ ಉಬ್ಬಿದ ಮೇಲೂ ಬೂದಿ, ಕಪ್ಪು, ಬಿಳುಪು ಎಲ್ಲ ಕಲಸಿಕೊಂಡಂತೆ ಇರುತ್ತದೆ. ಈ ಎರಡರ ಕಣ್ಣಿನ ಸುತ್ತ ಮಾತ್ರ ತುಸು ಕಂದು ಛಾಯೆ ಇತ್ತು. ಬಲ್ಬಿನ ಬೆಳಕಿಗೆ ಹಾಗೆ ಕಾಣ್ತಿರಬೇಕು ಅಂದುಕೊಂಡು ಸುಮ್ಮನಾದೆ. ಐದನೇ ವಾರ ಬರುವಷ್ಟರಲ್ಲಿ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಉಳಿದ 17 ಮರಿಗಳ ರೆಕ್ಕೆಯಲ್ಲಿ ಬಿಳಿ-ಕಪ್ಪು ಗರಿ ಮೂಡಿತ್ತು. ಈ ಎರಡರಲ್ಲಿ ಬಿಳಿ ಇರಬೇಕಾದ ಕಡೆಯೆಲ್ಲ ಕೆಂಪು ಬೆರೆತ ಹೊನ್ನಿನ ಬಣ್ಣ.

ಅಪ್ಪನೂ ಬೆಳ್ಳಿ, ಅಮ್ಮಂದಿರು ನಾಲ್ವರೂ ಬೆಳ್ಳಿ. ಹೊನ್ನು ಎಲ್ಲಿಂದ ಬಂತು? ಅದನ್ನು ಹುಡುಕುತ್ತಾ ಸುಮಾರು ಒಂದು ವರ್ಷ ಕಳೆಯಿತು. ಆ ಹುಡುಕಾಟದಲ್ಲಿ ನಾನು ಒಂದು ಒಳ್ಳೆಯ ಹುಂಜವನ್ನು ಕೈಬಿಡುವ ಹಂತಕ್ಕೂ ಹೋಗಿದ್ದೆ. ಚಂದದ ಗರಿಗಾಗಿ ಕೋಳಿ ಸಾಕುವ ಬೇರೆಯವರು ಇದೇ ಕಡೆ ಎಡವಬಾರದು ಅನ್ನುವ ಕಾಳಜಿಯಿಂದ ಇಡೀ ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಗುಂಪು ಹೇಗಿತ್ತು

ವಯಾಂಡಾಟ್ ಅಮೆರಿಕದಲ್ಲಿ ರೂಪುಗೊಂಡ ತಳಿ. ಅಲ್ಲಿನ ತಳಿಗಳ ಗುಣಮಟ್ಟದ ಪುಸ್ತಕಕ್ಕೆ ಇದರ ಬೆಳ್ಳಿ ಬಗೆ ಸೇರಿದ್ದು 1883ರಲ್ಲಿ, ಹೊನ್ನಿನ ಬಗೆ 1888ರಲ್ಲಿ. ಬೆಳ್ಳಿ ಬಗೆಯಲ್ಲಿ ಗರಿಯ ಒಡಲು ಬಿಳಿ, ಸುತ್ತ ಕಪ್ಪು ಅಂಚು. ಹೊನ್ನಿನ ಬಗೆಯಲ್ಲಿ ಒಡಲು ಕಂದುಗೆಂಪು, ಅಂಚು ಅದೇ ಕಪ್ಪು. ಎರಡೂ ಚಂದವೇ. ಆದರೆ ಬೆಳ್ಳಿಯ ಸಾಲು ಕಟ್ಟುವವನಿಗೆ ಹೊನ್ನು ನುಸುಳಿದರೆ ತಲೆನೋವು, ಯಾಕೆಂದರೆ ಬಿಳಿಯ ಮೇಲೆ ಹಳದಿ ಕಲೆ ತಲೆಮಾರುಗಟ್ಟಲೆ ಹಿಂಬಾಲಿಸುತ್ತದೆ.

ನನ್ನಲ್ಲಿ 4 ಹೇಂಟೆ, ಒಂದು ಹುಂಜ ಇದ್ದವು. ಐದೂ ಒಬ್ಬರೇ ಸಾಕಣೆದಾರರಿಂದ ಒಟ್ಟಿಗೆ ಬಂದವು. ಹುಂಜದ ಕಾಲಿಗೆ ನೀಲಿ ರಿಂಗ್ ಇತ್ತು, ಹಾಗಾಗಿ ಅದನ್ನು ನೀಲಿ ಅಂತಲೇ ಕರೆಯುತ್ತೇನೆ. ಬಂದ ವರ್ಷ ನೀಲಿಯಿಂದ ತೆಗೆದದ್ದು ಬರೀ 6 ಮರಿ. 4 ಗಂಡು, 2 ಹೆಣ್ಣು. ಎಲ್ಲವೂ ಬೆಳ್ಳಿ.

ನೀಲಿಯ ಎದೆಗರಿ ಪರವಾಗಿಲ್ಲ, ತೊಡೆಯ ಗರಿ ಚೆನ್ನಾಗಿರಲಿಲ್ಲ. ಅಂಚಿನ ಕಪ್ಪು ಒಡಲಿಗೂ ಇಳಿದು, ಬಿಳಿಯ ಮೇಲೆ ಮಸಿ ಕೈ ಒರೆಸಿದ ಹಾಗೆ ಕಾಣುತ್ತಿತ್ತು. ಇದೇ ದೋಷ ಮರಿಗಳಿಗೂ ಇಳಿದದ್ದರಿಂದ ಇನ್ನೊಬ್ಬರಿಂದ 10 ತಿಂಗಳ ಹೊಸ ಹುಂಜ ತಂದೆ. ಅದಕ್ಕೆ ಹಸಿರು ರಿಂಗ್ ಹಾಕಿದೆ. ಹಸಿರಿನ ಎದೆಗರಿ ನೋಡಿ ಮನಸ್ಸು ಸೋತಿತ್ತು. ಒಂದೊಂದು ಗರಿಯ ಸುತ್ತಲೂ ಪೆನ್ನಿನಿಂದ ಎಳೆದಂಥ ಕಪ್ಪು ಗೆರೆ, ತುದಿಯಲ್ಲೂ ಪಕ್ಕದಲ್ಲೂ ಒಂದೇ ದಪ್ಪ. ಒಳಗೆ ಶುದ್ಧ ಬಿಳಿ. ತೊಡೆಯವರೆಗೂ ಹಾಗೇ.

ಒಂದೇ ಕೊರತೆ ಅಂದರೆ ಹಸಿರಿನ ಭುಜದ ಮೇಲೆ, ಸೊಂಟದಿಂದ ಇಳಿಬೀಳುವ ಉದ್ದ ಗರಿಗಳ ಮೇಲೆ ಒಣಹುಲ್ಲಿನ ಥರದ ಹಳದಿ ಇತ್ತು. "ಬಿಸಿಲಿಗೆ ಹಾಗಾಗಿದೆ, ಗರಿ ಉದುರಿ ಹೊಸದು ಬಂದರೆ ಸರಿಹೋಗುತ್ತೆ," ಅಂದರು ಕೊಟ್ಟವರು. ತಲೆಯಾಡಿಸಿ ತಂದೆ, ಪೂರ್ತಿ ನಂಬಿರಲಿಲ್ಲ.

ನೀಲಿಯನ್ನು ನೆರಳಿರುವ ಬೇರೆ ಗೂಡಿಗೆ ಹಾಕಿ, ಹಸಿರನ್ನು ಹೇಂಟೆಗಳ ಜೊತೆ ಬಿಟ್ಟೆ. ಐದನೇ ದಿನದಿಂದ 8 ದಿನ ಮೊಟ್ಟೆ ಕೂಡಿಸಿದೆ, 26 ಆದವು. ಇನ್‌ಕ್ಯುಬೇಟರ್‌ನಲ್ಲಿ 37.5 ಡಿಗ್ರಿ ಸೆಲ್ಸಿಯಸ್, 18ನೇ ದಿನದವರೆಗೆ ಹೊರಳಿಸುವುದು, ಎಲ್ಲ ಎಂದಿನಂತೆ. ಏಳನೇ ದಿನ ಬೆಳಕಿಗೆ ಹಿಡಿದು ನೋಡಿದಾಗ 4 ಬರಡು. 21ನೇ ದಿನ 19 ಮರಿ. 10 ಗಂಡು, 9 ಹೆಣ್ಣು ಅಂತ ತಿಳಿದದ್ದು ಆಮೇಲೆ. ಹೊನ್ನಿನ ಎರಡೂ ಹೆಣ್ಣು.

ನಾನು ಕೊಟ್ಟ ತಪ್ಪು ತೀರ್ಪು

ಲೆಕ್ಕ ಸುಲಭ ಅನ್ನಿಸಿತು. ನೀಲಿಯ ಮರಿಗಳಲ್ಲಿ ಹೊನ್ನು ಬಂದಿರಲಿಲ್ಲ, ಹಸಿರು ಬಂದ ಮೇಲೆ ಬಂತು. ಹಸಿರಿನ ಮೈಮೇಲೆ ಹಳದಿಯೂ ಇದೆ. ಇನ್ನೇನು ಬೇಕು? ಕೊಟ್ಟವರಿಗೆ ಫೋನ್ ಮಾಡಿ, ಹೊನ್ನು ಬೆರೆತ ಹುಂಜ ಕೊಟ್ಟಿದ್ದೀರಿ ಅಂತ ಸ್ವಲ್ಪ ಗಡುಸಾಗಿಯೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನಮ್ಮಲ್ಲಿ ಹಾಗೆ ಯಾವತ್ತೂ ಬಂದಿಲ್ಲ, ಆದರೂ ಬೇಡ ಅಂದ್ರೆ ವಾಪಸ್ ಕಳಿಸಿ," ಅಂದರು. ಕಳಿಸುವ ದಿನವನ್ನೂ ಗೊತ್ತು ಮಾಡಿಕೊಂಡೆವು.

ಅಷ್ಟರಲ್ಲಿ ಇದೇ ತಳಿಯನ್ನು ನನಗಿಂತ ಬಹಳ ಮೊದಲಿನಿಂದ ಸಾಕುತ್ತಿರುವ ಹಿರಿಯರೊಬ್ಬರು ಬಂದರು. ಮರಿಗಳನ್ನು ನೋಡಿದರು, ಹಸಿರನ್ನು ಎತ್ತಿ ನೋಡಿದರು, ಆಮೇಲೆ ಎರಡೇ ಪ್ರಶ್ನೆ ಕೇಳಿದರು.

"ಹೊನ್ನಿನವು ಎರಡೂ ಹೆಣ್ಣೇನಪ್ಪಾ?"

"ಹೌದು ಸಾರ್."

"ಹಳೆ ಹುಂಜ ತೆಗೆದು ಎಷ್ಟು ದಿನಕ್ಕೆ ಮೊಟ್ಟೆ ಎತ್ತೋಕೆ ಶುರು ಮಾಡಿದೆ?"

"ಐದು ದಿನ ಬಿಟ್ಟು."

"ಹಾಗಾದ್ರೆ ಅಪ್ಪ ಯಾರು ಅಂತ ನಿಂಗೇ ಗೊತ್ತಿಲ್ಲ," ಅಂದರು.

ನನ್ನ ತೀರ್ಪು ಅಲ್ಲೇ ಬಿದ್ದುಹೋಯಿತು. ಎರಡು ಪ್ರಶ್ನೆಗಳೂ ಯಾಕೆ ಅಷ್ಟು ಮುಖ್ಯ ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಣ್ಣುಮರಿ ಅಪ್ಪನ ಗುಟ್ಟು ಹೇಳುತ್ತದೆ

ಕೋಳಿಗಳಲ್ಲಿ ಲಿಂಗ ತೀರ್ಮಾನವಾಗುವ ರೀತಿ ಮನುಷ್ಯರಿಗಿಂತ ಉಲ್ಟಾ. ಹುಂಜಕ್ಕೆ ಎರಡು ಜ಼ೆಡ್ ಕ್ರೋಮೋಸೋಮ್. ಹೇಂಟೆಗೆ ಒಂದು ಜ಼ೆಡ್, ಒಂದು ಡಬ್ಲ್ಯು. ಬೆಳ್ಳಿಯೋ ಹೊನ್ನೋ ಅಂತ ಹೇಳುವ ಜೀನ್ ಜ಼ೆಡ್ ಮೇಲೆ ಕೂತಿದೆ. ಬೆಳ್ಳಿ ಪ್ರಬಲ, ಹೊನ್ನು ಅದರ ಹಿಂದೆ ಅಡಗಿಕೊಳ್ಳಬಲ್ಲದು. ಆದರೆ ಅಡಗಿಕೊಳ್ಳಬೇಕಾದರೆ ಎರಡು ಜ಼ೆಡ್ ಬೇಕು ಅಲ್ವಾ? ಒಂದರ ಮೇಲೆ ಬೆಳ್ಳಿ ಇದ್ದರೆ ತಾನೇ ಇನ್ನೊಂದರ ಹೊನ್ನು ಮರೆಯಾಗುವುದು.

ಹೇಂಟೆಗೆ ಇರುವುದು ಒಂದೇ ಜ಼ೆಡ್. ಅವಳಲ್ಲಿ ಏನಿದೆಯೋ ಅದೇ ಹೊರಗೆ ಕಾಣುತ್ತದೆ. ಬೆಳ್ಳಿ ಹೇಂಟೆ ಹೊನ್ನನ್ನು ಬಚ್ಚಿಡಲು ಸಾಧ್ಯವೇ ಇಲ್ಲ. ಹಾಗಾಗಿ ನನ್ನ ನಾಲ್ಕೂ ಹೇಂಟೆಗಳು ಮೊದಲ ಕ್ಷಣದಲ್ಲೇ ಆರೋಪದಿಂದ ಹೊರಗೆ. ಇನ್ನು ಹೆಣ್ಣುಮರಿಗೆ ಅಮ್ಮನಿಂದ ಸಿಗುವುದು ಡಬ್ಲ್ಯು, ಜ಼ೆಡ್ ಬರುವುದು ಅಪ್ಪನಿಂದ ಮಾತ್ರ. ಹೆಣ್ಣುಮರಿ ಹೊನ್ನಾಗಿದೆ ಅಂದರೆ ಅದರ ಅಪ್ಪನಲ್ಲಿ ಹೊನ್ನು ಅಡಗಿದೆ. ಬೇರೆ ದಾರಿಯಿಲ್ಲ.

ಹೊನ್ನು ಅಡಗಿಸಿಕೊಂಡ ಹುಂಜವನ್ನು ಬೆಳ್ಳಿ ಹೇಂಟೆಗಳಿಗೆ ಬಿಟ್ಟರೆ ಹೆಣ್ಣುಮರಿಗಳಲ್ಲಿ ಸರಾಸರಿ ಅರ್ಧ ಹೊನ್ನು. ಗಂಡುಮರಿಗಳೆಲ್ಲ ನೋಡಲು ಬೆಳ್ಳಿಯೇ, ಆದರೆ ಅವುಗಳಲ್ಲೂ ಅರ್ಧದಷ್ಟು ಒಳಗೆ ಹೊನ್ನು ಹೊತ್ತಿರುತ್ತವೆ. ನಿಜವಾದ ಅಪಾಯ ಇರುವುದು ಇಲ್ಲೇ. ಹೆಣ್ಣುಮರಿ ಎದುರಿಗೇ ನಿಂತು ಹೇಳಿಬಿಡುತ್ತದೆ, ಗಂಡುಮರಿ ಬಾಯಿ ಬಿಡುವುದಿಲ್ಲ.

ಈ ಕಣ್ಣಿನಿಂದ ನೋಡಿದರೆ ಹಿಂದಿನ ವರ್ಷದ "ನೀಲಿಯಿಂದ ಹೊನ್ನು ಬಂದಿಲ್ಲ" ಅನ್ನುವ ನನ್ನ ವಾದಕ್ಕೆ ಏನು ಬೆಲೆ? ಆಗ ಹುಟ್ಟಿದ ಹೆಣ್ಣು ಎರಡೇ. ಹುಂಜದಲ್ಲಿ ಹೊನ್ನು ಇದ್ದರೂ ಎರಡು ಹೆಣ್ಣುಮರಿ ಬೆಳ್ಳಿಯಾಗಿಯೇ ಬರುವ ಸಾಧ್ಯತೆ 4ರಲ್ಲಿ 1. ಅಷ್ಟು ದೊಡ್ಡ ತೂತು ಇಟ್ಟುಕೊಂಡು ನಾನು ನೀಲಿಯನ್ನು ನಿರ್ದೋಷಿ ಅಂದಿದ್ದೆ.

ಎರಡನೇ ಪ್ರಶ್ನೆ ಮೊಟ್ಟೆಯ ದಿನದ್ದು. ಹೇಂಟೆಯ ಅಂಡನಾಳದಲ್ಲಿ ವೀರ್ಯವನ್ನು ಕಾದಿಡುವ ಸಣ್ಣ ಸಣ್ಣ ನಳಿಕೆಗಳಿವೆ. ಹುಂಜ ದೂರವಾದ ಮೇಲೂ ಸುಮಾರು 2 ವಾರ, ಕೆಲವೊಮ್ಮೆ 3 ವಾರ ದಾಟಿಯೂ ಫಲವಾದ ಮೊಟ್ಟೆ ಬರಬಹುದು. ಹೊಸ ಹುಂಜದ ವೀರ್ಯಕ್ಕೆ ಮೇಲುಗೈ ಸಿಗುತ್ತದೆ, ನಿಜ. ಆದರೆ ಹಳೆಯದು ಒಂದೇ ಸಲಕ್ಕೆ ಅಳಿಸಿಹೋಗುವುದಿಲ್ಲ. ನಾನು ಎತ್ತಿದ್ದು 5ರಿಂದ 12ನೇ ದಿನದ ಮೊಟ್ಟೆಗಳು. ಅಂದರೆ ಆ 19 ಮರಿಗಳಲ್ಲಿ ಯಾವುದು ನೀಲಿಯದು, ಯಾವುದು ಹಸಿರಿನದು, ಹೇಳಲು ಬರುವುದೇ ಇಲ್ಲ.

ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಬರೆದಿದ್ದೆ. ಆದರೆ ಮರಿ ಒಡೆಯುವಾಗ ಎಲ್ಲವನ್ನೂ ಒಂದೇ ಟ್ರೇಯಲ್ಲಿ ಬಿಟ್ಟೆ. ಚಿಪ್ಪಿನ ಮೇಲಿನ ತಾರೀಖು ಚಿಪ್ಪಿನ ಜೊತೆಗೇ ಹೋಯಿತು. ಈಗ 18ನೇ ದಿನ ಹೊರಳಿಸುವುದು ನಿಲ್ಲಿಸುವಾಗಲೇ ಮೊಟ್ಟೆಗಳನ್ನು ಗುಂಪು ಮಾಡಿ ಜಾಲರಿ ಬುಟ್ಟಿಗಳಿಗೆ ಹಾಕುತ್ತೇನೆ. ಮರಿ ಆರಿದ ಕೂಡಲೇ, ಬುಟ್ಟಿಯಿಂದ ಹೊರಗೆ ತೆಗೆಯುವ ಮುಂಚೆಯೇ ಕಾಲಿಗೆ ಬಣ್ಣದ ರಿಂಗ್. ಎಳೆ ಮರಿಯ ಕಾಲು ಬೇಗ ದಪ್ಪವಾಗುವುದರಿಂದ ವಾರಕ್ಕೊಮ್ಮೆ ರಿಂಗ್ ನೋಡಿ ಬದಲಿಸಲೇಬೇಕು, ಇಲ್ಲದಿದ್ದರೆ ಅದು ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ.

ಆರು ಗರಿ, ಒಂದು ನೋಟ್‌ಬುಕ್

ಹುಂಜವನ್ನು ವಾಪಸ್ ಕಳಿಸುವುದನ್ನು ನಿಲ್ಲಿಸಿದೆ. ಹಿರಿಯರು ಹೇಳಿಕೊಟ್ಟ ಮೊದಲ ಪರೀಕ್ಷೆ ಗರಿಯದು.

ಪೂರ್ತಿ ಬೆಳೆದ ಗರಿ ಸತ್ತ ವಸ್ತು, ನಮ್ಮ ಉಗುರಿನ ತುದಿಯ ಹಾಗೆ. ಒಳಗಿನಿಂದ ಅದರ ಬಣ್ಣ ಇನ್ನು ಬದಲಾಗುವುದಿಲ್ಲ. ಬಿಸಿಲು, ಕೊಳೆ, ಉಜ್ಜಾಟ ಹೊರಗಿನಿಂದ ಏನು ಮಾಡುತ್ತವೋ ಅಷ್ಟೇ. ಮುರಿದ ಗರಿ ಮುಂದಿನ ಸಲ ಗರಿ ಉದುರಿಸುವವರೆಗೂ ಹಾಗೇ ಉಳಿಯುತ್ತದೆ. ಬುಡಸಮೇತ ಕಿತ್ತರೆ ಮಾತ್ರ ಅದೇ ಜಾಗದಲ್ಲಿ ಹೊಸ ಗರಿ ತಕ್ಷಣ ಹುಟ್ಟಲು ಶುರುವಾಗುತ್ತದೆ. ಆ ಹೊಸ ಗರಿಯನ್ನು ನೆರಳಿನಲ್ಲಿ ಬೆಳೆಸಿದರೆ? ಬಿಸಿಲಿನ ಹಳದಿ ಮತ್ತೆ ಬರಬಾರದು. ರಕ್ತದಲ್ಲಿರುವ ಹಳದಿ ಬಂದೇ ಬರಬೇಕು.

ನೀಲಿಯಿಂದ 3, ಹಸಿರಿನಿಂದ 3, ಎರಡರಲ್ಲೂ ಸೊಂಟದ ಒಂದೇ ಜಾಗದಿಂದ ಗರಿ ತೆಗೆದೆ. ಚರ್ಮವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಗರಿ ಬೆಳೆದಿರುವ ದಿಕ್ಕಿಗೇ ಒಂದೇ ಸಲ ಎಳೆಯಬೇಕು. ಬುಡದಲ್ಲಿ ರಕ್ತ ತುಂಬಿದ ಎಳೆ ಗರಿಯನ್ನು ಮುಟ್ಟಲೇಬಾರದು, ಅದು ಸುರಿಯುತ್ತದೆ, ನೋಯುತ್ತದೆ. ಬಲಿತ ಗರಿ ಕಿತ್ತರೂ ಹಕ್ಕಿಗೆ ಚುರುಕ್ ಅನ್ನುತ್ತದೆ, ಹಾಗಾಗಿ ಮೂರಕ್ಕಿಂತ ಜಾಸ್ತಿ ಬೇಡ.

ಆರೂ ಗರಿಗಳನ್ನು ನೋಟ್‌ಬುಕ್ಕಿಗೆ ಅಂಟಿಸಿ, ಕಿಟಕಿ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಉತ್ತರ ಅಲ್ಲೇ ಇತ್ತು. ಹಸಿರಿನ ಗರಿಯಲ್ಲಿ ಹಳದಿ ಇದ್ದದ್ದು ಹೊರಗೆ ಕಾಣುವ ತುದಿಭಾಗದಲ್ಲಿ ಮಾತ್ರ. ಅದರ ಕೆಳಗೆ ಒಂದು ಬಾಗಿದ ಗಡಿ, ಗಡಿಯ ಆಚೆ ಅಚ್ಚ ಬಿಳಿ. ಗಡಿಯ ಆಕಾರ ನೋಡಿದರೆ ಮೇಲಿನ ಗರಿ ಇದರ ಮೇಲೆ ಎಲ್ಲಿಯವರೆಗೆ ಹೊದ್ದಿತ್ತು ಅಂತ ಬೆರಳಿಟ್ಟು ತೋರಿಸಬಹುದಿತ್ತು. ಮೇಲಿನ ಗರಿಯ ನೆರಳು ಅಲ್ಲಿ ಅಚ್ಚೊತ್ತಿ ಕೂತಿತ್ತು. ಬಿಸಿಲು ಬಿದ್ದಲ್ಲಿ ಹಳದಿ, ಬೀಳದಲ್ಲಿ ಬಿಳಿ.

ನೀಲಿಯ ಗರಿ ಮೇಲುನೋಟಕ್ಕೆ ಹಸಿರಿನದಕ್ಕಿಂತ ಬೆಳ್ಳಗೆ. ಕಾಗದದ ಬಿಳಿಯ ಮೇಲೆ ಇಟ್ಟಾಗ ಮಾತ್ರ ತೆಳು ಕೆನೆಬಣ್ಣ ಕಂಡಿತು. ಅದಕ್ಕೆ ಗಡಿ ಇರಲಿಲ್ಲ. ಮುಚ್ಚಿಕೊಂಡಿದ್ದ ಭಾಗಕ್ಕೂ, ನಡುದಂಟಿನ ಪಕ್ಕಕ್ಕೂ ಸಮನಾಗಿ ಹರಡಿತ್ತು. ಇಷ್ಟು ದಿನ ನೆರಳಲ್ಲೇ ಇದ್ದ ಹುಂಜ ಅದು. ಬೆಳ್ಳಿಯ ಹಿಂದೆ ಹೊನ್ನು ಅಡಗಿರುವ ಹುಂಜಗಳಲ್ಲಿ ಹೀಗೆ ಕತ್ತು, ಭುಜ, ಸೊಂಟದ ಗರಿಗಳಿಗೆ ಹಳದಿ ಬೆರೆಯುವುದು ಬಹಳ ಸಲ ಆಗುತ್ತದೆ. ಪ್ರತಿ ಹುಂಜದಲ್ಲೂ ಕಾಣಲೇಬೇಕು ಅಂತಿಲ್ಲ. ಅದಕ್ಕೇ ಗರಿ ನೋಡಿ ಅನುಮಾನ ಪಡಬಹುದು, ತೀರ್ಪು ಕೊಡಬಾರದು.

ಹಸಿರನ್ನೂ ನೆರಳಿನ ಗೂಡಿಗೆ ಬದಲಾಯಿಸಿದೆ, ಹೇಂಟೆಗಳ ಸಮೇತ. ಗರಿಯೆಂದರೆ ಬಹುಪಾಲು ಪ್ರೋಟೀನೇ, ಅದರಲ್ಲೂ ಗಂಧಕ ಇರುವ ಅಮೈನೋ ಆಮ್ಲಗಳು ಅದಕ್ಕೆ ಬೇಕೇಬೇಕು. ಆಹಾರದಲ್ಲಿ ಕೊರತೆಯಾದರೆ ಬರುವ ಗರಿ ಸೊರಗಿ ಬರುತ್ತದೆ, ಅಡ್ಡಗೆರೆ ಬೀಳುತ್ತದೆ, ಆಮೇಲೆ ಹೋಲಿಕೆಗೆ ಅರ್ಥವಿರುವುದಿಲ್ಲ. ಹಾಗಾಗಿ ಇಬ್ಬರಿಗೂ 20 ಪರ್ಸೆಂಟ್ ಪ್ರೋಟೀನ್ ಇರುವ ಒಂದೇ ಆಹಾರ. 7 ವಾರ ಕಾದೆ. ನಡುವೆ ಗರಿ ಕೊಳವೆಯಿಂದ ಬಿಚ್ಚಿಕೊಳ್ಳುವಾಗ ಸ್ವಲ್ಪ ಹಳದಿ ಕಂಡು ಎದೆ ಧಸಕ್ಕೆಂದಿತ್ತು. ಬುಡದಲ್ಲಿ ರಕ್ತ ಇರುವವರೆಗೆ ಬಣ್ಣ ಅಳೆಯಬಾರದು, ಗರಿ ಬಲಿತು ದಂಟು ಬೆಳ್ಳಗಾಗಲಿ ಅಂತ ಹಿರಿಯರು ಸಮಾಧಾನ ಹೇಳಿದರು. ಬಲಿತ ಮೇಲೆ ಹಸಿರಿನ ಗರಿ ತುದಿಯಿಂದ ಬುಡದವರೆಗೆ ಬಿಳಿ. ನೀಲಿಯದು ಮತ್ತೆ ಅದೇ ಕೆನೆಬಣ್ಣ.

ಮರಿಗಳಿಂದ ಸಾಕ್ಷಿ

ಗರಿ ಬೆಳೆಯುತ್ತಿರುವಾಗಲೇ ಎರಡನೇ ಬ್ಯಾಚ್ ಮೊಟ್ಟೆ ಎತ್ತಿದೆ. ಹೇಂಟೆಗಳು ಅಷ್ಟು ಹೊತ್ತಿಗೆ ಎರಡು ತಿಂಗಳಿಗೂ ಮೇಲೆ ಹಸಿರಿನ ಜೊತೆ ಮಾತ್ರ ಇದ್ದವು, ನೀಲಿಯದು ಒಂದು ಹನಿಯೂ ಉಳಿದಿರಲು ಸಾಧ್ಯವಿರಲಿಲ್ಲ. 30 ಮೊಟ್ಟೆ ಇಟ್ಟೆ, 23 ಮರಿ ಬಂದವು. ಅವುಗಳಲ್ಲಿ 11 ಹೆಣ್ಣು. ಹನ್ನೊಂದಕ್ಕೆ ಹನ್ನೊಂದೂ ಬೆಳ್ಳಿ.

ಇದು ಎಷ್ಟು ಗಟ್ಟಿ ಸಾಕ್ಷಿ? ಹುಂಜದಲ್ಲಿ ಹೊನ್ನು ಅಡಗಿದ್ದರೆ ಪ್ರತಿ ಹೆಣ್ಣುಮರಿಯೂ ಬೆಳ್ಳಿಯಾಗುವ ಸಾಧ್ಯತೆ ಅರ್ಧ. 5 ಹೆಣ್ಣುಮರಿ ಸಾಲಾಗಿ ಬೆಳ್ಳಿಯಾಗುವುದು 32ರಲ್ಲಿ 1. 7 ಆದರೆ 128ರಲ್ಲಿ 1. 11 ಆದರೆ 2048ರಲ್ಲಿ 1. ನನ್ನ ಮಟ್ಟಿಗೆ 7 ಬೆಳ್ಳಿ ಹೆಣ್ಣುಮರಿ ಕಂಡರೆ ಹುಂಜ ಪಾಸ್. ಹಸಿರು ಅದನ್ನೂ ದಾಟಿತ್ತು.

ನೀಲಿಯ ಮೇಲೆ ಈಗ ಬರೀ ಕಳೆಯುವ ಲೆಕ್ಕದಿಂದ ಆರೋಪ ಬಂತು. ಅದು ನನಗೆ ಸಾಕಾಗಲಿಲ್ಲ. ಒಮ್ಮೆ ಅವಸರದಲ್ಲಿ ಒಂದು ಹುಂಜಕ್ಕೆ ಕೆಟ್ಟ ಹೆಸರು ಕೊಟ್ಟಿದ್ದೆ, ಇನ್ನೊಂದಕ್ಕೆ ಹಾಗೆ ಮಾಡಬಾರದು. ಎರಡು ಹೇಂಟೆಗಳನ್ನು 4 ವಾರ ಯಾವ ಹುಂಜವೂ ಇಲ್ಲದೆ ಇಟ್ಟು, ಆಮೇಲೆ ನೀಲಿಯ ಜೊತೆ ಬಿಟ್ಟೆ. 9 ಮರಿ, ಅದರಲ್ಲಿ 5 ಹೆಣ್ಣು, 2 ಹೊನ್ನು. ಇಲ್ಲಿ ಒಂದು ವಿಷಯ ಗಮನಿಸಿ. ನಿರ್ದೋಷಿ ಅನ್ನಲು ಬಹಳ ಮರಿಗಳು ಬೇಕು. ಹೊನ್ನು ಇದೆ ಅನ್ನಲು ಒಂದೇ ಒಂದು ಹೊನ್ನಿನ ಹೆಣ್ಣುಮರಿ ಸಾಕು.

ಹಸಿರನ್ನು ಕೊಟ್ಟವರಿಗೆ ಮತ್ತೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಅವರಿಗೆ ನನ್ನ ಕ್ಷಮೆಗಿಂತ ಆ ಗರಿಯ ಮೇಲಿನ ನೆರಳಿನ ಗಡಿಯ ವಿಷಯವೇ ಹೆಚ್ಚು ಖುಷಿ ಕೊಟ್ಟಿತು. ಫೋಟೋ ಕಳಿಸಿ ಅಂದರು. ನೀಲಿಯನ್ನು ಕೊಟ್ಟವರಿಗೂ ತಿಳಿಸಿದೆ, ಅವರ ಗೂಡಿನಲ್ಲಿ ಅದರ ಅಣ್ಣತಮ್ಮಂದಿರು ಇನ್ನೂ ಇದ್ದರು.

ಚಂದದ ಮರಿಹುಂಜದ ಪ್ರಶ್ನೆ

ಮೊದಲ ಬ್ಯಾಚಿನ 10 ಗಂಡುಮರಿಗಳ ಕತೆ ಇನ್ನೂ ಬಾಕಿ. ಅವುಗಳಲ್ಲಿ ಕೆಲವಕ್ಕೆ ನೀಲಿ ಅಪ್ಪ, ಕೆಲವಕ್ಕೆ ಹಸಿರು. ನೀಲಿಯ ಗಂಡುಮಕ್ಕಳಲ್ಲಿ ಅರ್ಧದಷ್ಟು ಹೊನ್ನು ಹೊತ್ತಿರುತ್ತವೆ. ಎಲ್ಲವನ್ನೂ ತಳಿ ಸಾಲಿನಿಂದ ಹೊರಗಿಟ್ಟುಬಿಡುವುದು ಸುಲಭದ ದಾರಿ. 9ಕ್ಕೆ ಹಾಗೇ ಮಾಡಿದೆ. ಒಂದರ ವಿಷಯದಲ್ಲಿ ಮನಸ್ಸು ಒಪ್ಪಲಿಲ್ಲ.

ಈ ಮರಿಯನ್ನು ಎಂಟನೇ ವಾರದಲ್ಲಿ ನೋಡಿದ್ದರೆ ಯಾರೂ ಉಳಿಸುತ್ತಿರಲಿಲ್ಲ. ಕಪ್ಪು-ಬಿಳಿ ಎಲ್ಲ ಕದಡಿಹೋಗಿ, ಅಂಚು ಅನ್ನುವುದೇ ಇರಲಿಲ್ಲ. ಅಂಚಿನ ತಳಿಗಳಲ್ಲಿ ಎಳೆಯ ಗರಿ ನಂಬಬಾರದು. ತುಪ್ಪಳ ಹೋಗಿ ಮೊದಲ ಗರಿ, ಅದು ಹೋಗಿ ಇನ್ನೊಂದು, ಹೀಗೆ ಬದಲಾಗುತ್ತಾ 5-6 ತಿಂಗಳಿಗೆ ದೊಡ್ಡ ಗರಿ ಬಂದ ಮೇಲೆಯೇ ನಿಜವಾದ ಅಂಚು ಗೊತ್ತಾಗುವುದು. ಅದಕ್ಕಿಂತ ಮೊದಲು ಆರಿಸುವವರು ಎಷ್ಟೋ ಒಳ್ಳೆಯ ಹಕ್ಕಿಗಳನ್ನು ಕಳೆದುಕೊಳ್ಳುತ್ತಾರೆ. ಜುಟ್ಟು ಸರಿಯಿಲ್ಲ, ಕಾಲು ಸೊಟ್ಟ ಅನ್ನುವಂಥ ಕಾರಣಕ್ಕೆ ಬೇಗ ಬೇರೆ ಮಾಡಬಹುದು, ಅಂಚಿನ ಕಾರಣಕ್ಕೆ ಬೇಡ.

ಆರನೇ ತಿಂಗಳಲ್ಲಿ ಅದರ ಎದೆಗರಿ ಒಂದನ್ನು ಕಿತ್ತು ಬೆಳಕಿಗೆ ಹಿಡಿದೆ. ಗರಿ ಬೆಳೆಯುವುದು ತುದಿ ಮೊದಲು, ಬುಡ ಕೊನೆಗೆ. ನಡುದಂಟಿನ ಎರಡು ಪಕ್ಕದ ಎಳೆಗಳೂ ಹಾಗೇ, ಹೊರತುದಿ ಮೊದಲು ರೂಪುಗೊಳ್ಳುತ್ತದೆ. ಆ ಹೊತ್ತಿಗೆ ಬಣ್ಣದ ಕೋಶಗಳು ಕಪ್ಪು ತುಂಬಿ, ಸರಿಯಾದ ಕ್ಷಣಕ್ಕೆ ನಿಲ್ಲಿಸಿದರೆ ಅಂಚು. ನಿಲ್ಲಿಸುವುದು ತಡವಾದರೆ ನೀಲಿಯ ತೊಡೆಯ ಹಾಗೆ ಒಳಗೆಲ್ಲ ಮಸಿ. ಇನ್ನೊಂದು ದೋಷವಿದೆ, ಕಪ್ಪು ಅಂಚಿನ ಆಚೆಗೆ ಕೂದಲೆಳೆಯಷ್ಟು ಬಿಳಿ ಗೆರೆ. ದೂರದಿಂದ ಹಿಮ ಬಿದ್ದಂತೆ ಕಂಡು, ಇಡೀ ಹಕ್ಕಿಯ ಚಿತ್ತಾರ ಮಂಕಾಗಿಬಿಡುತ್ತದೆ. ಈ ಗರಿಯಲ್ಲಿ ಎರಡೂ ಇರಲಿಲ್ಲ. ಕಪ್ಪು ಗರಿಯ ಕೊನೆಯ ಎಳೆಯವರೆಗೂ ಇತ್ತು, ಬೆಳಕಿಗೆ ತಿರುಗಿಸಿದರೆ ಹಸಿರು ಮಿಂಚು. ಒಳಗಂಚು ಚಾಕುವಿನಿಂದ ಕತ್ತರಿಸಿದಷ್ಟು ಚೊಕ್ಕ.

ಇಂಥ ಅಂಚು ಒಂದು ಜೀನಿನ ಕೆಲಸವಲ್ಲ. ಕೊಲಂಬಿಯನ್, ಪ್ಯಾಟರ್ನ್, ಮೆಲನೋಟಿಕ್ ಅನ್ನುವ ಮೂರು ಜೀನ್‌ಗಳು ಸರಿಯಾದ ತಳಬಣ್ಣದ ಮೇಲೆ ಒಟ್ಟಿಗೆ ಕೂಡಬೇಕು. ಕೊಲಂಬಿಯನ್ ಒಂದು ತಪ್ಪಿದರೆ ಒಂಟಿ ಅಂಚಿನ ಜಾಗದಲ್ಲಿ ಜೋಡಿ ಅಂಚು ಬರುತ್ತದೆ. ಮೂರೂ ಇದ್ದ ಮೇಲೂ ಅಂಚಿನ ದಪ್ಪ, ಚೊಕ್ಕತನ ಎಲ್ಲ ತಲೆಮಾರುಗಳ ಆಯ್ಕೆಯಿಂದ ಬರುವಂಥವು. ಹೊನ್ನನ್ನು ಸಾಲಿನಿಂದ ತೆಗೆಯಲು ಒಂದೆರಡು ವರ್ಷ ಸಾಕು, ಒಳ್ಳೆಯ ಅಂಚನ್ನು ಕಳೆದುಕೊಂಡರೆ ಮತ್ತೆ ಗಳಿಸಲು ಎಷ್ಟು ವರ್ಷವೋ. ಈ ತೂಕ ಹಾಕಿಯೇ ಆ ಮರಿಹುಂಜವನ್ನು ಪರೀಕ್ಷೆಗೆ ಉಳಿಸಿಕೊಂಡೆ. ಹುಂಜವನ್ನು ಎದೆ, ತೊಡೆ ನೋಡಿ ಅಳೆಯಬೇಕು. ಕತ್ತಿನ, ಸೊಂಟದ ಉದ್ದ ಗರಿಗಳಲ್ಲಿ ನಡುವೆ ಕಪ್ಪು ಪಟ್ಟೆ ಇರುವುದರಿಂದ ಅಂಚಿನ ನಿಜವಾದ ಗುಣ ಅಲ್ಲಿ ತಿಳಿಯುವುದಿಲ್ಲ.

ಪರೀಕ್ಷೆಗೆ ಯಾವ ಹೇಂಟೆ? ಬೆಳ್ಳಿ ಹೇಂಟೆಗೆ ಬಿಟ್ಟರೆ ಹೆಣ್ಣುಮರಿಗಳು ಮಾತ್ರ ಸಾಕ್ಷಿ ಹೇಳುತ್ತವೆ, ಗಂಡುಮರಿಗಳೆಲ್ಲ ಲೆಕ್ಕಕ್ಕಿಲ್ಲ. ಹೊನ್ನಿನ ಹೇಂಟೆಗೆ ಬಿಟ್ಟರೆ ಗಂಡು, ಹೆಣ್ಣು ಎರಡೂ ಸಾಕ್ಷಿ. ಯಾಕೆಂದರೆ ಆಗ ಗಂಡುಮರಿಗೆ ಅಮ್ಮನಿಂದ ಹೊನ್ನೇ ಬರುತ್ತದೆ, ಅಪ್ಪನೂ ಹೊನ್ನು ಕೊಟ್ಟರೆ ಮರಿ ಹೊನ್ನಾಗಿ ಕಾಣುತ್ತದೆ. ಪರೀಕ್ಷೆ ಅರ್ಧ ಸಮಯದಲ್ಲಿ ಮುಗಿಯುತ್ತದೆ.

ಹೊನ್ನಿನ ಹೇಂಟೆಗಳು ನನ್ನಲ್ಲೇ ಇದ್ದವು. ಎಲ್ಲ ಗೊಂದಲಕ್ಕೆ ಕಾರಣವಾದ ಅದೇ ಇಬ್ಬರು. ಅವು ಬೆಳೆದು ತುಂಬ ಚಂದದ ಹಕ್ಕಿಗಳಾಗಿದ್ದವು, ಬೆಳಗ್ಗೆ ಗೂಡು ತೆಗೆದಾಗ ಮೊದಲು ಕಣ್ಣು ಹೋಗುತ್ತಿದ್ದದ್ದೇ ಅವುಗಳ ಮೇಲೆ. ಮೊಟ್ಟೆ ಇಡಲು ಶುರುಮಾಡಿದ ಮೇಲೆ ಮರಿಹುಂಜವನ್ನು ಇವುಗಳ ಜೊತೆ ಬಿಟ್ಟೆ. ಹತ್ತಿರದ ರಕ್ತಸಂಬಂಧ, ಗೊತ್ತು. ಆದರೆ ಇವು ಸಾಕ್ಷಿಗಾಗಿ ಹುಟ್ಟಿಸುವ ಮರಿಗಳು, ತಳಿ ಮುಂದುವರಿಸಲು ಅಲ್ಲ. 13 ಮೊಟ್ಟೆಯಲ್ಲಿ 8 ಮರಿ ಬಂದವು. 5 ಗಂಡು, 3 ಹೆಣ್ಣು, ಎಂಟೂ ಬೆಳ್ಳಿ. 256ರಲ್ಲಿ 1ರ ಲೆಕ್ಕ. ಅದರ ಅಪ್ಪ ನೀಲಿಯೋ ಹಸಿರೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾರೇ ಆದರೂ ಅದಕ್ಕೆ ಸಿಕ್ಕಿರುವುದು ಎರಡೂ ಕಡೆಯಿಂದ ಬೆಳ್ಳಿಯೇ ಅಂತ ನಂಬಬಹುದು.

ಈ ಪರೀಕ್ಷೆಯ ಗಂಡುಮರಿಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಆ ಐದೂ ನೋಡಲು ಅಪ್ಪಟ ಬೆಳ್ಳಿ, ಆದರೆ ಅಮ್ಮನ ಕಡೆಯಿಂದ ಐದರಲ್ಲೂ ಹೊನ್ನು ಇದ್ದೇ ಇದೆ. ಇವುಗಳಲ್ಲಿ ಒಂದು ಯಾರದೋ ಬೆಳ್ಳಿ ಗುಂಪಿಗೆ ಹೋದರೆ ನನ್ನ ಕತೆ ಅಲ್ಲಿ ಮತ್ತೆ ಶುರು. ಐದಕ್ಕೂ ಕೆಂಪು ರಿಂಗ್ ಹಾಕಿ, ತಳಿಗೆ ಬಳಸಬೇಡಿ ಅಂತ ಬಾಯಿಬಿಟ್ಟು ಹೇಳಿ, ಅಂಗಳದ ಚಂದಕ್ಕಾಗಿ ಸಾಕುವವರಿಗೆ ಕೊಟ್ಟೆ.

ನೀಲಿ ಈಗ ಹೊನ್ನಿನ ಬಗೆಯನ್ನೂ ಬೆಳ್ಳಿಯನ್ನೂ ಸಾಕುವ ಒಬ್ಬರ ಬಳಿ ಇದೆ. ಅದರಲ್ಲಿ ಏನು ಅಡಗಿದೆ ಅಂತ ಚೀಟಿ ಬರೆದೇ ಕೊಟ್ಟಿದ್ದೇನೆ. ಹಸಿರು ನಾಲ್ಕು ಹೇಂಟೆಗಳ ಜೊತೆ ನೆರಳಿನ ಗೂಡಿನಲ್ಲೇ ಇದೆ. ಈ ಸಲ ಗರಿ ಉದುರಿಸಿ ಹೊಸದು ಬಂದ ಮೇಲೆ ಭುಜದ ಮೇಲೆ ಹಳದಿಯ ಸುಳಿವೇ ಇಲ್ಲ. ಮರಿಹುಂಜಕ್ಕೆ ಬಿಳಿ ರಿಂಗ್ ಹಾಕಿ, ಎರಡನೇ ಬ್ಯಾಚಿನ 11 ಹೆಣ್ಣುಮರಿಗಳಲ್ಲಿ ತೊಡೆಯ ಅಂಚು ಚೊಕ್ಕವಾಗಿದ್ದ ಮೂರನ್ನು ಅದರ ಜೊತೆ ಬಿಟ್ಟಿದ್ದೇನೆ. ಆ ಹೆಣ್ಣುಮರಿಗಳು ಅಲ್ಲಿಯವರೆಗೆ ಯಾವ ಹುಂಜದ ಜೊತೆಗೂ ಇರಲಿಲ್ಲ. ಆದರೂ ಮೊಟ್ಟೆ ಎತ್ತಲು 4 ವಾರ ಕಾದೆ. ಮೊದಲ ಮೊಟ್ಟೆಗಳು ನಿನ್ನೆ ಇನ್‌ಕ್ಯುಬೇಟರ್‌ಗೆ ಹೋದವು.